ಉಂಗುರ ಬೆರಳು

ಹಿರಿಯಡ್ಕ ದಾಟಿ ಎಡಕ್ಕೆ, ಕಲ್ಲಿನ ಕೋರೆಯ ಆಚೆ,
ಜೀಪು ಏದುಸಿರು ಬಿಡುವಲ್ಲಿ ನಮ್ಮ ಕಾಲನಿ.
ಭವನದ ಬೆಂಚಿನ ಮೇಲೆ ಪೆಟ್ಟಿಗೆ ಬಿಚ್ಚಿಟ್ಟೆ:
ಹತ್ತಿ, ಸ್ಪಿರಿಟ್, ಸೂಜಿ, ಪಟ್ಟಿ.
ಬಿಳಿ ಕೋಟಿನವಳನ್ನು ಮಕ್ಕಳು ಮೇಡಂ ಅಂದವು.
ಅವುಗಳಲ್ಲಿ ಎರಡರ ಹೊಕ್ಕುಳು ಬಿದ್ದ ದಿನ ನನಗೆ ನೆನಪಿದೆ.

ಮೊದಲ ಹೆಸರು ದೊಡ್ಡಮ್ಮನದು.
ಅಂಗಾರು ಕೊರಗ.
ವಯಸ್ಸು? ಗುಮಾಸ್ತ ಕೇಳಿದ, ತಲೆ ಎತ್ತದೆ.
"ವಾರ ಗೊತ್ತು ಮಾರಾಯ, ಹೆಸರಲ್ಲೇ ಉಂಟು, ಮಂಗಳವಾರ.
ವರ್ಷ ನೀನೇ ಒಂದು ಹಾಕು."
ಅವನು ಅರುವತ್ತು ಹಾಕಿದ.
ಹೋದ ಸಲದ ಕ್ಯಾಂಪಿನಲ್ಲೂ ಅರುವತ್ತೇ.
ನಮ್ಮಲ್ಲಿ ಅದನ್ನು ದಾಟಿದವರು ಕಡಿಮೆ,
ಲೆಕ್ಕ ಅಲ್ಲೇ ನಿಂತಿರಲಿ.

ಉಂಗುರ ಬೆರಳು ಕೊಡಿ, ಅಂದೆ.
ಕಲಿತದ್ದೇ ಹಾಗೆ.
"ಉಂಗುರ ಕಂಡ ಬೆರಳಲ್ಲ ಮಗಾ ಇದು,"
ಅಂದಳು. ಕೊಟ್ಟಳು.

ಸೂಜಿ ಇಳಿಯಲಿಲ್ಲ.

ಇನ್ನೊಮ್ಮೆ. ಇಲ್ಲ.
ಬೂರು ಸೀಳಿ, ಎಳೆದು, ಬಿಗಿದು
ಅಷ್ಟೂ ಕಾಲ ಕುರ್ವೆ ಹೆಣೆದ ತೊಗಲು,
ಚಪ್ಪಲಿಯ ಅಟ್ಟೆಗೂ ಇಷ್ಟು ದಪ್ಪವಿಲ್ಲ.
ರೇಷನ್ ಅಂಗಡಿಯ ಯಂತ್ರ ಇದೇ ಕೈಯನ್ನು
ನಾಲ್ಕು ಸಲ ವಾಪಸು ಕಳಿಸಿದೆ.
ಒರೆಸಿ, ಮತ್ತೆ ಇಡಿ, ಅಂದರಂತೆ.
ಸೀರೆಗೆ ಒರೆಸಿದಳು. ಇಟ್ಟಳು.
ಅವಳು ಅವಳಲ್ಲ ಅಂತ ಪೆಟ್ಟಿಗೆ ಕೂಗಿತು.

ಇದೇ ಕೈ
ಮಲ್ಪೆಯ ಧಕ್ಕೆಯಲ್ಲಿ, ಐಸಿನ ನೀರು ಸೋರುವ ಬುಟ್ಟಿಗಳ ಅಂಚು ಮುಟ್ಟಿ
ಇದು ಕುಡ್ಪನ ಹೆಂಡತಿಯದ್ದು, ಎಡಗೈಯವಳು,
ಇದು ತೀರಿಹೋದ ನನ್ನ ತಂಗಿಯದ್ದು,
ಕೊನೆಯ ಸುತ್ತಿಗೆ ಬಂದಾಗ ಯಾವತ್ತೂ ಅವಸರ,
ಎಂದು ಹೇಳಿತ್ತು.
ತಂಗಿ ಅಂದರೆ ನನ್ನ ಅಮ್ಮ.
ಆ ಬುಟ್ಟಿ ಕೊಳ್ಳಲು ಹೋದೆ, ಇದ್ದ ದುಡ್ಡೆಲ್ಲ ಹಿಡಿದು.
ಮೀನಿನ ಹೆಂಗಸು ಕೊಡಲಿಲ್ಲ.
ಇಂಥದು ಈಗ ಸಿಗುವುದಿಲ್ಲ ಮಗಳೇ, ಅಂದಳು.

ಮೂರನೆಯದಕ್ಕೆ ಇಳಿಯಿತು.
ರಕ್ತ ತಡ ಮಾಡಿತು,
ಒಳಗೆ ಬನ್ನಿ ಅಂದರೂ ಅಂಗಳದಲ್ಲೇ ನಿಲ್ಲುವ
ನಮ್ಮ ಹಳಬರ ಹಾಗೆ.
ಏಳು ಪಾಯಿಂಟ್ ಎರಡು.
"ಕಡಿಮೆಯಾ?"
ಕಡಿಮೆ.
"ಎಲ್ಲಿ ಹೋಯಿತಂತೆ?"

ಪುಸ್ತಕದ ಉತ್ತರ ಹೇಳಿದೆ:
ಹೊಟ್ಟೆಹುಳ, ಹೆರಿಗೆ, ಸೊಪ್ಪು ತಿನ್ನದ್ದು, ಎಲೆಯಡಿಕೆ.
ಪೂರ್ತಿ ಕೇಳಿಸಿಕೊಂಡಳು. ನಕ್ಕಳು.
ಅವಳ ಅಮ್ಮನಿಗೆ ದೊಡ್ಡ ಮನೆಯಿಂದ ಕರೆ ಬರುತ್ತಿತ್ತಂತೆ,
ಅಲ್ಲಿಯ ಬಸುರಿಗೆ ಹುಷಾರು ತಪ್ಪಿದ ದಿನ.
ಅನ್ನದಲ್ಲಿ ಆಕೆಯ ಉಗುರು, ಆಕೆಯ ಕೂದಲು.
ಎದುರೇ ಕೂತು ಉಣ್ಣಬೇಕು,
ರೋಗ ಇವಳಿಗೆ ಬರಲಿ, ಆಕೆ ಏಳಲಿ.
"ಏಳುತ್ತಿದ್ದರು, ಅವರು.
ಈಗ ಕಾನೂನು ಉಂಟು, ಉಣ್ಣಿಸಿದರೆ ಜೈಲು.
ಉಂಡದ್ದು ಇಳಿಯುವ ಮಾತ್ರೆ ಉಂಟಾ ನಿನ್ನಲ್ಲಿ?"

ಕಬ್ಬಿಣದ ಮಾತ್ರೆಯ ಪಟ್ಟಿ ಕೈಗಿಟ್ಟೆ, ಬೇರೆ ಇರಲಿಲ್ಲ.
ಆಗ ನಮ್ಮ ಮಾತಿನಲ್ಲಿ ಒಂದು ಶಬ್ದ ಆಡಿದಳು.
ಬಸ್ಸಿನಲ್ಲಿ, ಹಾಸ್ಟೆಲಿನಲ್ಲಿ, ವಾರ್ಡಿನಲ್ಲಿ
ಗಂಟಲೊಳಗೇ ಮಡಚಿಟ್ಟುಕೊಂಡವುಗಳಲ್ಲಿ ಒಂದು.
ಅದನ್ನು ಇಲ್ಲಿ ಬರೆಯುವುದಿಲ್ಲ.
ಕನ್ನಡದ ಅಕ್ಷರಕ್ಕೆ ಕೂರುವುದಿಲ್ಲ ಅಂತಲ್ಲ,
ಕೂರಿಸಿದರೆ ಕೂರುತ್ತದೆ. ನನಗೆ ಮನಸ್ಸಿಲ್ಲ.
ಅದೇ ಮಾತಿನಲ್ಲಿ ಉತ್ತರ ಕೊಟ್ಟೆ, ದೊಡ್ಡದಾಗಿ.
ಗುಮಾಸ್ತ ತಲೆ ಎತ್ತಿದ.

ಸಂಜೆಗೆ ಮೂವತ್ತೊಂದು ಬೆರಳು.
ಹತ್ತು ದಾಟಿದವರು ನಾಲ್ಕು ಜನ,
ಅದರಲ್ಲಿ ಒಬ್ಬ ಜೀಪಿನ ಡ್ರೈವರು.
"ನಿನ್ನದು ನೋಡಿದೆಯಾ?" ಕೇಳಿದಳು ದೊಡ್ಡಮ್ಮ,
ಹೋಗದೆ ಕಂಬಕ್ಕೆ ಒರಗಿ ಕೂತವಳು.
ನೋಡಿರಲಿಲ್ಲ. ಎರಡು ವರ್ಷದಿಂದ ಊರಿಡೀ ಚುಚ್ಚಿ,
ನನ್ನದು ನೋಡಿರಲಿಲ್ಲ.

ಮುಟ್ಟಿದ ಕೂಡಲೇ ಇಳಿಯಿತು.
ಅಷ್ಟು ಮೆತ್ತಗೆ. ನಾಚಿಕೆಯಾಯಿತು.
ಒಂಬತ್ತು.
ದೊಡ್ಡಮ್ಮ ಪಟ್ಟಿಯನ್ನು ನಡುವೆ ಮುರಿದು
ಅರ್ಧ ನನ್ನ ಕೋಟಿನ ಜೇಬಿಗೆ ತುರುಕಿದಳು.
"ಮುಂದಿನ ಸಲ ಅರ್ಧ ದಿನ ಇದ್ದು ಹೋಗು.
ಬೂರು ನೆನೆ ಹಾಕಿರುತ್ತೇನೆ,
ನಿನ್ನ ಸೂಜಿಗೂ ಸ್ವಲ್ಪ ಕಷ್ಟವಾಗಲಿ."